ತಿಂಗಳು ತುಂಬದೆ ಹುಟ್ಟಿದ ಕೂಸಿನ ಮೂತ್ರದಲ್ಲಿ ಕಿಡ್ನಿ ಪೆಟ್ಟಿನ ಸುಳಿವು ಹಿಡಿಯೋದು ಹೇಗೆ: ಮೆಟಬೊಲೈಟ್ ಸ್ಟಡಿ ಮಾಡೋರಿಗೆ ಸಮಗ್ರ ಮಾರ್ಗದರ್ಶಿ

ಎನ್‌ಐಸಿಯುನಲ್ಲಿ (ಹುಟ್ಟಿದ ಕೂಸುಗಳ ಐಸಿಯು) ಡ್ಯೂಟಿ ಮಾಡೋ ಡಾಕ್ಟ್ರು, ಥೀಸಿಸ್‌ಗೆ ಟಾಪಿಕ್ ಹುಡುಕ್ತಿರೋ ಪಿಜಿಗಳು, ಬಯೋಕೆಮಿಸ್ಟ್ರಿ ಲ್ಯಾಬಲ್ಲಿ ಕೂತು ಮಕ್ಕಳ ಸ್ಯಾಂಪಲ್ ಸಿಕ್ಕಿದ್ರೆ ಏನಾದ್ರೂ ಮಾಡ್ಬಹುದಿತ್ತು ಅಂದ್ಕೊಳ್ಳೋರು, ಇವ್ರಿಗೋಸ್ಕರ ಇದನ್ನ ಬರೀತಿದೀನಿ. ಅಪ್ಪ ಅಮ್ಮ ಯಾರಾದ್ರೂ ಓದ್ತಿದ್ರೆ ಮೊದ್ಲೇ ಹೇಳ್ಬಿಡ್ತೀನಿ, ಇದು ಇವತ್ತು ಆಸ್ಪತ್ರೇಲಿ ಚೀಟಿ ಬರೆಸ್ಕೊಂಡು ಮಾಡಿಸೋ ಟೆಸ್ಟ್ ಅಲ್ಲ, ಇನ್ನೂ ರಿಸರ್ಚ್ ಹಂತದಲ್ಲೇ ಇದೆ, ನಿಮ್ಮ ಮಗುಗೆ ಏನು ಬೇಕು ಅನ್ನೋದನ್ನ ಮಗುನ ನೋಡ್ತಿರೋ ಡಾಕ್ಟ್ರೇ ಹೇಳ್ಬೇಕು. ಎನ್‌ಗ್ಯಾಲ್ ಅನ್ನೋ ಪ್ರೋಟೀನ್ ಮಾರ್ಕರ್ (ಕಿಡ್ನಿ ಪೆಟ್ಟಿನ ಸುಳಿವು ಕೊಡೋ ವಸ್ತು) ಮೇಲೆ ವರ್ಷಗಟ್ಲೆ ಕೆಲಸ ಆಗಿದೆ, ಅದಕ್ಕೂ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಡಿಸೆಂಬರಲ್ಲಿ ಮಕ್ಕಳಿಗೆ ಅಂತ ಕ್ಲಿಯರೆನ್ಸ್ ಕೊಟ್ಟಾಗ ವಯಸ್ಸು 3 ತಿಂಗಳಿಂದ 21 ವರ್ಷ ಅಂತ ಗೆರೆ ಎಳೀತು. ನಾವು ಮಾತಾಡ್ತಿರೋ ಕೂಸುಗಳು ಆ ಗೆರೆಯಿಂದ ಆಚೆ. ಮೆಟಬೊಲೈಟ್‌ಗಳು ಇನ್ನೂ ಹಿಂದಿವೆ.

ಮೆಟಬೊಲೈಟ್ ಅಂದ್ರೆ ಜೀವಕೋಶಗಳು ಸಕ್ಕರೆ, ಕೊಬ್ಬು, ಅಮೈನೋ ಆಸಿಡ್ ಬಳಸ್ಕೊಂಡು ಕೆಲಸ ಮಾಡುವಾಗ ಹುಟ್ಟೋ ಸಣ್ಣ ಸಣ್ಣ ರಾಸಾಯನಿಕಗಳು. ಲ್ಯಾಕ್ಟೇಟ್, ಸಿಟ್ರೇಟ್, ಗ್ಲೈಸಿನ್, ಹಿಪ್ಪುರೇಟ್ ಈ ತರದ್ದು. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯವರು 2013ರಲ್ಲಿ ಮನುಷ್ಯನ ಮೂತ್ರದಲ್ಲಿ ಇರೋದನ್ನೆಲ್ಲ ಪಟ್ಟಿ ಮಾಡಿದಾಗ 3,000ಕ್ಕೂ ಜಾಸ್ತಿ ಬಂತು, ಅದರಲ್ಲಿ ಎನ್‌ಎಂಆರ್ ಮಿಷಿನ್‌ನಲ್ಲಿ (ಆಯಸ್ಕಾಂತದ ಬಲದಿಂದ ರಾಸಾಯನಿಕ ಗುರ್ತಿಸೋ ಯಂತ್ರ) ಅಳೆಯೋಕೆ ಸಿಕ್ಕಿದ್ದು ಸುಮಾರು 200. ಕಿಡ್ನಿ ಟ್ಯೂಬ್ಯೂಲ್‌ಗೆ (ಸೋಸಿದ ದ್ರವದಿಂದ ಬೇಕಾದ್ದನ್ನ ವಾಪಸ್ ಹೀರೋ ಸಣ್ಣ ನಳಿಕೆ) ಪೆಟ್ಟಾದ್ರೆ ಇವುಗಳ ಪ್ರಮಾಣ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕೋ ಕಸ, ಮಾಮೂಲಿ ಕಿಡ್ನಿ ಟೆಸ್ಟಲ್ಲಿ ಅಳೆಯೋದು) ಏರೋಕಿಂತ ಮುಂಚೆನೇ ಬದಲಾಗ್ಬೇಕು ಅನ್ನೋದು ಐಡಿಯಾ.

ಈ ಕೆಲಸದಲ್ಲಿ ಕಷ್ಟ ಮಿಷಿನ್ ಹತ್ರ ಇಲ್ಲ. ತಿಂಗಳು ತುಂಬದ ಮಗುವಿನ ಕಿಡ್ನಿ ಇನ್ನೂ ಅರ್ಧ ಕಟ್ಟಿದ ಮನೆ, ಗೋಡೇಲಿ ನೀರು ಸೋರ್ತಿದೆ ಅಂದ್ರೆ ಪೈಪ್ ಒಡೆದಿದ್ಯೋ ಇಲ್ಲ ಪ್ಲಂಬರ್ ಇನ್ನೂ ಜಾಯಿಂಟೇ ಹಾಕಿಲ್ವೋ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಪೆಟ್ಟು ಬೇರೆ, ಬಲಿಯದೇ ಇರೋದು ಬೇರೆ. ಕೆಳಗಿನ ಒಂದೊಂದು ಹೆಜ್ಜೆನೂ ಇವೆರಡನ್ನ ಬೇರೆ ಮಾಡೋಕೇ ಇರೋದು, ಅದನ್ನ ಮರೆತು ಸೀದಾ ಸ್ಯಾಂಪಲ್ ಓಡಿಸಿದ್ರೆ ಚೆಂದದ ಗ್ರಾಫ್ ಬರುತ್ತೆ, ಅರ್ಥ ಇರಲ್ಲ.

ಶುರು ಮಾಡೋಕೆ ಮುಂಚೆ ತಲೇಲಿರ್ಬೇಕಾದ ಫಿಸಿಯಾಲಜಿ

ನೆಫ್ರಾನ್‌ಗಳು (ಕಿಡ್ನಿಯ ಸೋಸೋ ಘಟಕಗಳು) ಹುಟ್ಟೋ ಕೆಲಸ ಗರ್ಭದಲ್ಲಿ ಸುಮಾರು 34ರಿಂದ 36 ವಾರದವರೆಗೆ ನಡೆಯುತ್ತೆ, ಅದರಲ್ಲಿ 60 ಪರ್ಸೆಂಟ್ ಆಗೋದು ಕೊನೆ ಮೂರು ತಿಂಗಳಲ್ಲಿ. 27 ವಾರಕ್ಕೇ ಹುಟ್ಟಿದ ಮಗುಗೆ ಆ ಕೆಲಸ ಇನ್‌ಕ್ಯುಬೇಟರ್ ಒಳಗೇ ಮುಂದುವರೀಬೇಕು, ಹುಟ್ಟಿದ ಮೇಲೆ ಸುಮಾರು 40 ದಿನಕ್ಕೆ ನಿಂತೂ ಹೋಗುತ್ತೆ. ಟ್ಯೂಬ್ಯೂಲ್‌ಗಳೂ ಅಷ್ಟೇ, ಗ್ಲೂಕೋಸ್, ಗ್ಲೈಸಿನ್, ಪ್ರೋಲಿನ್, ಸೋಡಿಯಂ ಎಲ್ಲ ಯಾವ ಕಾಯಿಲೆ ಇಲ್ದೇನೂ ಸ್ವಲ್ಪ ಸ್ವಲ್ಪ ಸೋರ್ತಾ ಇರುತ್ತೆ. ದೊಡ್ಡೋರಲ್ಲಿ ಇದನ್ನ ನೋಡಿದ್ರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್ (ನಳಿಕೆಯ ಮೊದಲ ಭಾಗ) ಹೋಯ್ತು ಅಂತೀವಿ, ಇಲ್ಲಿ ಅದು ಮಾಮೂಲು.

ಇನ್ನು ಕ್ರಿಯಾಟಿನಿನ್. ಹುಟ್ಟಿದ ದಿನ ಮಗು ರಕ್ತದಲ್ಲಿ ಕಾಣೋದು ಅಮ್ಮನ ಕ್ರಿಯಾಟಿನಿನ್. ಅದಾದ್ಮೇಲೆ ಪ್ರೀಟರ್ಮ್ (ತಿಂಗಳು ತುಂಬದ) ಮಗುವಲ್ಲಿ ಮೊದಲ ಕೆಲವು ದಿನ ಅದು ಇಳಿಯೋ ಬದ್ಲು ಏರುತ್ತೆ, ಆಮೇಲೆ ವಾರಗಟ್ಲೆ ನಿಧಾನಕ್ಕೆ ಇಳಿಯುತ್ತೆ. ಕಿಡ್ನಿ ಫಿಲ್ಟರಿಂಗ್ ಅರ್ಧದಷ್ಟು ಬಿದ್ದ ಮೇಲೇನೇ ಕ್ರಿಯಾಟಿನಿನ್ ಏರಿಕೆ ಕಣ್ಣಿಗೆ ಬೀಳೋದು, ಅಷ್ಟೊತ್ತಿಗೆ ಪೆಟ್ಟಾಗಿ ಒಂದು ಎರಡು ದಿನ ಕಳೆದಿರುತ್ತೆ. ಜೊತೆಗೆ ರಕ್ತ ತಗೊಳ್ಳೋದೇ ಒಂದು ಖರ್ಚು, 1 ಕೆಜಿ ಮಗು ಮೈಯಲ್ಲಿರೋ ಒಟ್ಟು ರಕ್ತನೇ 80ರಿಂದ 100 ಎಂಎಲ್. ಮೂತ್ರ ಆದ್ರೆ ಹೇಗಿದ್ರೂ ಡೈಪರ್‌ಗೆ ಹೋಗ್ತಿರೋದು.

ಸಮಸ್ಯೆ ಸಣ್ಣದೂ ಅಲ್ಲ. ಭಾರತವೂ ಸೇರಿ 4 ದೇಶದ 24 ಎನ್‌ಐಸಿಯುಗಳಲ್ಲಿ 2014ರ ಮೊದಲ ಮೂರು ತಿಂಗಳ ಮಕ್ಕಳನ್ನ ನೋಡಿದ ಅವೇಕನ್ ಸ್ಟಡಿ 2017ರಲ್ಲಿ ಬಂತು, 2,022 ಮಕ್ಕಳಲ್ಲಿ 605ಕ್ಕೆ ಎಕೆಐ (ಕಿಡ್ನಿಗೆ ದಿಢೀರ್ ಪೆಟ್ಟು), ಅಂದ್ರೆ ಹತ್ತಕ್ಕೆ ಮೂರು. 22ರಿಂದ 28 ವಾರದ ಗುಂಪಲ್ಲಿ 48 ಪರ್ಸೆಂಟ್. ಎಕೆಐ ಆದ ಮಕ್ಕಳಲ್ಲಿ ಸುಮಾರು 10 ಪರ್ಸೆಂಟ್ ತೀರ್ಕೊಂಡ್ರು, ಆಗದೇ ಇರೋರಲ್ಲಿ 1 ಪರ್ಸೆಂಟ್ ಚಿಲ್ಲರೆ. ಜಗತ್ತಲ್ಲಿ 2020ರಲ್ಲಿ ಅಂದಾಜು 1.34 ಕೋಟಿ ಮಕ್ಕಳು ತಿಂಗಳು ತುಂಬದೆ ಹುಟ್ಟಿದ್ರು, ಅದರಲ್ಲಿ 30 ಲಕ್ಷ ನಮ್ಮ ದೇಶದಲ್ಲೇ.

ಹೆಜ್ಜೆ 1: ಪ್ರಶ್ನೆನ ಚಿಕ್ಕದು ಮಾಡಿ

"ಪ್ರೀಟರ್ಮ್ ಮಕ್ಕಳಲ್ಲಿ ಎಕೆಐ ಮಾರ್ಕರ್" ಅಂತ ಹೊರಟ್ರೆ ಮುಳುಗಿ ಹೋಗ್ತೀರ. ಉಸಿರು ಕಟ್ಟಿ ಹುಟ್ಟಿದ ಮಗು, ಸೆಪ್ಸಿಸ್ (ಮೈಗೆಲ್ಲ ಹರಡಿದ ಸೋಂಕು) ಮಗು, ಪಿಡಿಎಗೆ (ಹೃದಯದ ಹತ್ರ ಮುಚ್ಚದೆ ಉಳಿದ ರಕ್ತನಾಳ) ಇಂಡೊಮೆಥಸಿನ್ ಇಲ್ಲ ಐಬುಪ್ರೊಫೆನ್ ತಗೊಂಡಿದ್ದು, ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್ ತಗೊಂಡಿದ್ದು, ಈ ನಾಲ್ಕರಲ್ಲೂ ಕಿಡ್ನಿಗೆ ಪೆಟ್ಟಾಗೋ ದಾರಿ ಬೇರೆ ಬೇರೆ, ಮೂತ್ರದಲ್ಲಿ ಬೀಳೋ ಗುರುತೂ ಬೇರೆ ಬೇರೆ. ನಾನಾದ್ರೆ ಜೆಂಟಾಮೈಸಿನ್ ತಗೋತೀನಿ. ಅನುಮಾನದ ಸೆಪ್ಸಿಸ್‌ಗೆ ಆಂಪಿಸಿಲಿನ್ ಜೊತೆ ಇದನ್ನ ಮೊದಲ ದಿನದಿಂದಲೇ ಶುರು ಮಾಡೋದು ಎಷ್ಟೋ ಕಡೆ ಇದೆ, ಹಾಗಾಗಿ ಪೆಟ್ಟು ಶುರುವಾಗೋ ಟೈಮ್ ಯಾವುದು ಅಂತ ಗಡಿಯಾರ ನೋಡಿ ಬರ್ಕೋಬಹುದು, ಅಂಥ ಅನುಕೂಲ ಸೆಪ್ಸಿಸ್‌ನಲ್ಲಿ ಸಿಗಲ್ಲ. ಔಷಧಿ ಮೆಗಾಲಿನ್ ಅನ್ನೋ ರಿಸೆಪ್ಟರ್ ಹಿಡ್ಕೊಂಡು ಪ್ರಾಕ್ಸಿಮಲ್ ಟ್ಯೂಬ್ಯೂಲ್ ಸೆಲ್ ಒಳಗೆ ಹೋಗಿ ಲೈಸೊಸೋಮ್‌ಗಳಲ್ಲಿ ತುಂಬ್ಕೊಳ್ಳುತ್ತೆ, ಆಮೇಲೆ ಮೈಟೊಕಾಂಡ್ರಿಯಾ ಕೆಡುತ್ತೆ. ಇಲಿಗಳಲ್ಲಿ ಇದೇ ಔಷಧಿ ಕೊಟ್ಟು ಎನ್‌ಎಂಆರ್ ಮಾಡಿದಾಗ ಮೂತ್ರದಲ್ಲಿ ಗ್ಲೂಕೋಸ್ ಏರಿ ಟಿಎಂಎಒ ಅನ್ನೋ ಮೆಟಬೊಲೈಟ್ ಇಳಿದಿದ್ದು ವರದಿಯಾಗಿದೆ, ಹಾಗಾಗಿ ಎಲ್ಲಿ ನೋಡ್ಬೇಕು ಅನ್ನೋ ಒಂದು ಅಂದಾಜಾದ್ರೂ ಇದೆ.

ಗುಂಪು ಹೀಗಿಡಿ: 32 ವಾರಕ್ಕಿಂತ ಮುಂಚೆ ಹುಟ್ಟಿದ್ದು, ಹುಟ್ಟಿದ ಮೊದಲ 24 ಗಂಟೆಯೊಳಗೆ ಸ್ಟಡಿಗೆ ಸೇರ್ಸೋಕೆ ಆಗೋದು. ಹುಟ್ಟಿನಿಂದ ಕಿಡ್ನಿ ಅಥವಾ ಮೂತ್ರನಾಳದ ದೋಷ ಇರೋರು, ಗೊತ್ತಿರೋ ಇನ್‌ಬಾರ್ನ್ ಎರರ್ (ಹುಟ್ಟಿನಿಂದ ಬಂದ ಮೆಟಬಾಲಿಸಂ ದೋಷ) ಇರೋರು ಬೇಡ. ಹೋಲಿಕೆಗೆ ಅದೇ ವಾರದ, ಅದೇ ದಿನದ ವಯಸ್ಸಿನ, ಜೆಂಟಾಮೈಸಿನ್ ತಗೊಂಡೂ ಎಕೆಐ ಆಗದ ಮಕ್ಕಳು ಬೇಕು. ಜೊತೆಗೆ ಔಷಧಿನೇ ತಗೊಳ್ಳದ ಇನ್ನೊಂದು ಸಣ್ಣ ಗುಂಪು ಇದ್ರೆ ಬಹಳ ಒಳ್ಳೇದು, ಬಲಿಯೋದ್ರಿಂದ ಆಗೋ ಬದಲಾವಣೆ ಯಾವುದು ಅಂತ ಹೇಳೋಕೆ ಅವರೇ ಆಧಾರ. 26 ವಾರದ ಎಕೆಐ ಮಗುನ 31 ವಾರದ ಆರೋಗ್ಯವಂತ ಮಗು ಜೊತೆ ಹೋಲಿಸಿದ್ರೆ ನೀವು ಅಳೆದಿದ್ದು 5 ವಾರದ ವ್ಯತ್ಯಾಸ, ಕಿಡ್ನಿ ಪೆಟ್ಟಲ್ಲ.

ಹೆಜ್ಜೆ 2: ಎಕೆಐ ಅಂದ್ರೆ ಏನು ಅಂತ ಮೊದ್ಲೇ ಬರ್ದಿಡಿ

ನವಜಾತರಿಗೆ ಮಾರ್ಪಡಿಸಿದ ಕೆಡಿಗೋ (ಅಂತಾರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಸಂಸ್ಥೆ) ಮಾನದಂಡನೇ ಬಳಸಿ, ನಿಮ್ಮದೇ ಒಂದು ಹುಟ್ಟು ಹಾಕ್ಬೇಡಿ. ಬೇಸ್‌ಲೈನ್ ಅಂದ್ರೆ ಆ ಮಗುವಿನ ಹಿಂದಿನ ಅತೀ ಕಡಿಮೆ ಕ್ರಿಯಾಟಿನಿನ್. ಸ್ಟೇಜ್ 1: 48 ಗಂಟೆಯೊಳಗೆ 0.3 ಎಂಜಿ ಪರ್ ಡಿಎಲ್ ಏರಿಕೆ, ಇಲ್ಲ 7 ದಿನದೊಳಗೆ ಬೇಸ್‌ಲೈನ್‌ನ 1.5ರಿಂದ 1.9 ಪಟ್ಟು. ಸ್ಟೇಜ್ 2: 2ರಿಂದ 2.9 ಪಟ್ಟು. ಸ್ಟೇಜ್ 3: 3 ಪಟ್ಟು ಅಥವಾ ಜಾಸ್ತಿ, ಇಲ್ಲ 2.5 ಎಂಜಿ ಮುಟ್ಟಿದ್ರೆ, ಇಲ್ಲ ಡಯಾಲಿಸಿಸ್ ಬೇಕಾದ್ರೆ. ಮೂತ್ರದ ಲೆಕ್ಕದಲ್ಲಿ ಗಂಟೆಗೆ ಕೆಜಿಗೆ 1 ಎಂಎಲ್ ಅಥವಾ ಕಮ್ಮಿ ಬಂದ್ರೆ ಸ್ಟೇಜ್ 1, 0.5ಕ್ಕೆ ಇಳಿದ್ರೆ ಸ್ಟೇಜ್ 2, 0.3ಕ್ಕೆ ಬಂದ್ರೆ ಸ್ಟೇಜ್ 3.

ಲ್ಯಾಬಿಗೆ ಫೋನ್ ಮಾಡಿ ಕ್ರಿಯಾಟಿನಿನ್ ಯಾವ ವಿಧಾನದಲ್ಲಿ ಮಾಡ್ತಾರೆ ಕೇಳಿ. ಜಾಫೆ ವಿಧಾನ ಆದ್ರೆ ಬಿಲಿರುಬಿನ್ (ಕಾಮಾಲೆಯಲ್ಲಿ ಏರೋ ಹಳದಿ ವಸ್ತು) ಅಡ್ಡ ಬರುತ್ತೆ, ನಮ್ಮ ಮಕ್ಕಳಲ್ಲಿ ಹಳದಿ ಇಲ್ಲದೇ ಇರೋರು ಎಲ್ಲಿದಾರೆ. ಎನ್ಜೈಮ್ಯಾಟಿಕ್ ವಿಧಾನ ಬೇಕು, ಸ್ಟಡಿ ಪೂರ್ತಿ ಒಂದೇ ಮಿಷಿನ್‌ನಲ್ಲಿ. ಸ್ಟಡಿಗೋಸ್ಕರ ಅಂತ ಬೇರೆ ರಕ್ತ ಚುಚ್ಚೋಕೆ ಎಥಿಕ್ಸ್‌ನವರು ಒಪ್ಪಲ್ಲ, ಒಪ್ಪಲೂಬಾರ್ದು, ಹೇಗಿದ್ರೂ ಗ್ಯಾಸ್ ಇಲ್ಲ ಎಲೆಕ್ಟ್ರೊಲೈಟ್‌ಗೆ ತಗೊಳ್ಳೋ ರಕ್ತದಲ್ಲೇ ಹೊಂದಿಸ್ಕೊಳ್ಳಿ.

ಒಂದು ತಾಪತ್ರಯ ಇಲ್ಲೇ ಇದೆ. ಕ್ರಿಯಾಟಿನಿನ್ ಸರಿ ಇಲ್ಲ ಅಂತ ತಾನೆ ಹೊಸ ಮಾರ್ಕರ್ ಹುಡುಕ್ತಿರೋದು, ಈಗ ಅದೇ ಕ್ರಿಯಾಟಿನಿನ್ ನಮ್ಮ ಮಾರ್ಕರ್‌ಗೆ ಪರೀಕ್ಷಕ. ಮೆಟಬೊಲೈಟ್ ಏರಿ ಕ್ರಿಯಾಟಿನಿನ್ ಏರದೇ ಇದ್ರೆ ಅದು ಸುಳ್ಳು ಪಾಸಿಟಿವೋ ಇಲ್ಲ ಕ್ರಿಯಾಟಿನಿನ್ ಹಿಡಿಯದ ನಿಜವಾದ ಪೆಟ್ಟೋ? ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಎನ್‌ಗ್ಯಾಲ್ ಅಥವಾ ಸಿಸ್ಟಾಟಿನ್ ಸಿ (ಕಿಡ್ನಿ ಎಷ್ಟು ಸೋಸ್ತಿದೆ ಅಂತ ಹೇಳೋ ಇನ್ನೊಂದು ಪ್ರೋಟೀನ್) ಜೊತೆಗೆ ಅಳೆದು, ಸ್ಟೇಜ್ 2ಕ್ಕಿಂತ ಮೇಲಿನವರನ್ನ ಬೇರೆಯಾಗೂ ನೋಡಿದ್ರೆ ಸ್ವಲ್ಪ ಧೈರ್ಯ ಬರುತ್ತೆ.

ಹೆಜ್ಜೆ 3: ಒಪ್ಪಿಗೆ

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಎಥಿಕ್ಸ್ ಕಮಿಟಿ ಅನುಮತಿ, ಪೋಷಕರ ಬರಹದ ಒಪ್ಪಿಗೆ ಎರಡೂ ಬೇಕು. ನಮ್ಮಲ್ಲಿ ಎಷ್ಟೋ ಸಲ ಮಗು ತಾಲ್ಲೂಕು ಆಸ್ಪತ್ರೆಯಿಂದ ಆಂಬುಲೆನ್ಸಲ್ಲಿ ಬಂದಿರುತ್ತೆ, ಅಮ್ಮ ಇನ್ನೂ ಅಲ್ಲೇ ಸಿಜೇರಿಯನ್ ಹೊಲಿಗೆ ಇಟ್ಕೊಂಡು ಮಲಗಿರ್ತಾರೆ, ಜೊತೇಲಿ ಬಂದಿರೋದು ಅಪ್ಪ, ಅಜ್ಜಿ. ಅವರ ಹತ್ರ ಕೂತು "ನಿಮ್ಮ ಮಗುಗೆ ಸೂಜಿ ಚುಚ್ಚಲ್ಲ, ಡೈಪರಲ್ಲಿ ಹತ್ತಿ ಇಡ್ತೀವಿ ಅಷ್ಟೇ, ಇದ್ರಿಂದ ಈ ಮಗುಗೆ ಉಪಯೋಗ ಆಗದೇನೂ ಇರ್ಬಹುದು, ಬೇಡ ಅಂದ್ರೂ ಟ್ರೀಟ್‌ಮೆಂಟಲ್ಲಿ ಏನೂ ವ್ಯತ್ಯಾಸ ಇರಲ್ಲ" ಅಂತ ಕನ್ನಡದಲ್ಲಿ ಬಿಡಿಸಿ ಹೇಳಿ. ಸ್ಯಾಂಪಲ್ ಮುಂದಿನ ರಿಸರ್ಚ್‌ಗೂ ಫ್ರೀಜರಲ್ಲಿ ಇಡ್ತೀರ ಅಂದ್ರೆ ಅದಕ್ಕೆ ಬೇರೆ ಸಹಿ.

ಹೆಜ್ಜೆ 4: ಮೂತ್ರ ಹಿಡಿಯೋದು

ಇಡೀ ಸ್ಟಡಿ ಕೆಡೋದು ಸಾಮಾನ್ಯವಾಗಿ ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಕ್ಯಾಥೆಟರ್ ಬೇಡ, ಬೇರೆ ಕಾರಣಕ್ಕೆ ಮೊದ್ಲೇ ಹಾಕಿದ್ರೆ ಮಾತ್ರ ಅದರಿಂದ ತಗೊಳ್ಳಿ. ಅಂಟಿಸೋ ಯೂರಿನ್ ಬ್ಯಾಗ್ 27 ವಾರದ ಮಗುವಿನ ಚರ್ಮಾನೇ ಕಿತ್ಕೊಂಡು ಬರುತ್ತೆ. ಉಳಿದಿದ್ದು ಹತ್ತಿ. ಡೈಪರ್ ಒಳಗೆ, ಜೆಲ್‌ಗೆ ತಾಗದ ಹಾಗೆ ಮಧ್ಯೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಕಿ, ಅದರ ಮೇಲೆ ಸ್ಟೆರೈಲ್ ಹತ್ತಿ ಉಂಡೆ ಇಡಿ. ಡೈಪರ್ ಜೆಲ್ ಮೂತ್ರ ಹೀರ್ಕೊಂಡ್ರೆ ಅದನ್ನ ಹಿಂಡೋಕೂ ಆಗಲ್ಲ, ಹಿಂಡಿದ್ರೂ ಅದರಲ್ಲಿರೋದನ್ನ ನಂಬೋಕಾಗಲ್ಲ. ಮಗು ಒದ್ದೆ ಮಾಡಿದ ಮೇಲೆ ಹತ್ತಿನ ಸೂಜಿ ಇಲ್ಲದ ಸಿರಿಂಜ್ ಒಳಗೆ ಹಾಕಿ ಪ್ಲಂಜರ್ ಒತ್ತಿ ಟ್ಯೂಬ್‌ಗೆ ಹಿಂಡಿ. ಗಂಟೆಗೊಮ್ಮೆ ನೋಡಿ, ಒದ್ದೆ ಹತ್ತಿ ಹಾಗೇ ಬೆಚ್ಚಗಿನ ಇನ್‌ಕ್ಯುಬೇಟರಲ್ಲಿ ಮೂರ್ನಾಲ್ಕು ಗಂಟೆ ಕೂತ್ರೆ ಬ್ಯಾಕ್ಟೀರಿಯಾಗಳು ಊಟ ಶುರು ಮಾಡ್ತವೆ, ಅಸಿಟೇಟ್, ಫಾರ್ಮೇಟ್, ಸಕ್ಸಿನೇಟ್, ಲ್ಯಾಕ್ಟೇಟ್ ಎಲ್ಲ ಏರುತ್ತೆ. ನೀವು ಅದನ್ನ ಮೈಟೊಕಾಂಡ್ರಿಯಾ ತೊಂದರೆ ಅಂತ ಬರೀತೀರ. ಮಲ ತಾಗಿದ್ದು ಸೀದಾ ಕಸದ ಬುಟ್ಟಿಗೆ, ಹೆಣ್ಣು ಮಕ್ಕಳಲ್ಲಿ ಇದು ಜಾಸ್ತಿ ಆಗುತ್ತೆ, ಹಾಗಾಗಿ ಸ್ಯಾಂಪಲ್ ಲೆಕ್ಕದಲ್ಲಿ ಗಂಡು ಹೆಣ್ಣು ಏರುಪೇರಾಗ್ತಿದ್ಯಾ ಅಂತ ವಾರಕ್ಕೊಮ್ಮೆ ನೋಡ್ಕೊಳ್ಳಿ.

ಮಗು ಮೈಗೆ ತಾಗೋದೆಲ್ಲ ಮೂತ್ರಕ್ಕೆ ಸೇರುತ್ತೆ. ಕೈಗೆ ಹಾಕೋ ಸ್ಯಾನಿಟೈಸರ್‌ನಿಂದ ಎಥೆನಾಲ್, ಒರೆಸೋ ವೈಪ್‌ನಿಂದ ಗ್ಲಿಸರಿನ್, ಕೆಲವು ಔಷಧಿಗಳನ್ನ ಕರಗಿಸೋ ಪ್ರೊಪಿಲೀನ್ ಗ್ಲೈಕಾಲ್, ಇವೆಲ್ಲ ಎನ್‌ಎಂಆರಲ್ಲಿ ದೊಡ್ಡ ದೊಡ್ಡ ಶಿಖರಗಳಾಗಿ ನಿಲ್ತವೆ. ಅದಕ್ಕೆ ಬ್ಲಾಂಕ್ ಮಾಡ್ಲೇಬೇಕು: ಅದೇ ಬ್ಯಾಚಿನ ಹತ್ತಿ, ಅದೇ ಸಿರಿಂಜ್, ಅದೇ ಡೈಪರ್, ಮೂತ್ರದ ಬದ್ಲು ಶುದ್ಧ ನೀರು ಹಾಕಿ ಹಿಂಡಿ ಮಿಷಿನ್‌ಗೆ ಕೊಡಿ. ಆಸ್ಪತ್ರೆ ಸ್ಟೋರಲ್ಲಿ ಹತ್ತಿ ಬ್ರ್ಯಾಂಡ್ ಬದಲಾದ್ರೆ ಮತ್ತೆ ಬ್ಲಾಂಕ್. ಸಾಧ್ಯ ಆದ್ರೆ ಸ್ಟಡಿ ಪೂರ್ತಿಗೆ ಆಗೋಷ್ಟು ಹತ್ತಿ ಒಂದೇ ಲಾಟಿಂದ ತೆಗೆದಿಟ್ಬಿಡಿ.

ಯಾವಾಗ ತಗೋಬೇಕು? ಮೊದಲ ಡೋಸ್‌ಗಿಂತ ಮುಂಚೆ ಒಂದು ಸಿಕ್ರೆ ಚಿನ್ನ, ಆದ್ರೆ ಹುಟ್ಟಿದ ಮೊದಲ ಗಂಟೆಗಳಲ್ಲಿ ಎಷ್ಟೋ ಮಕ್ಕಳು ಮೂತ್ರನೇ ಮಾಡಲ್ಲ, ಅದಕ್ಕೆ ಕಾಯ್ಕೊಂಡು ಆಂಟಿಬಯೋಟಿಕ್ ತಡ ಮಾಡೋ ಮಾತೇ ಇಲ್ಲ. ಆಮೇಲೆ ದಿನಕ್ಕೊಂದು, ಹೆಚ್ಚುಕಮ್ಮಿ ಅದೇ ಹೊತ್ತಿಗೆ, 7 ದಿನ, ಆಮೇಲೆ 14ನೇ ದಿನ ಒಂದು. ಕಾಂಗರೂ ಕೇರ್ (ಮಗುನ ಅಮ್ಮನ ಎದೆಗೆ ಅವಚಿಡೋದು) ಟೈಮಲ್ಲಿ ತೊಂದರೆ ಕೊಡ್ಬೇಡಿ. ಕೆಲಸ ಮಾಡೋರು ಸಿಸ್ಟರ್‌ಗಳು, ಅವರ ಡೈಪರ್ ಬದಲಾಯಿಸೋ ಟೈಮಿಗೆ ನಿಮ್ಮ ಪ್ರೋಟೊಕಾಲ್ ಹೊಂದ್ಬೇಕು, ಉಲ್ಟಾ ಅಲ್ಲ. ಒಂದು ನೈಟ್ ಡ್ಯೂಟಿ ಅವರ ಜೊತೆ ನಿಂತು ನೋಡಿದ್ರೆ ಪ್ರೋಟೊಕಾಲಲ್ಲಿ ಅರ್ಧ ತಾನಾಗೇ ತಿದ್ದುಪಡಿ ಆಗುತ್ತೆ.

ಹೆಜ್ಜೆ 5: ಬೆಡ್‌ನಿಂದ ಫ್ರೀಜರ್‌ಗೆ

ಹಿಂಡಿದ ತಕ್ಷಣ ಐಸ್ ಮೇಲೆ ಇಲ್ಲ 4 ಡಿಗ್ರಿ ಫ್ರಿಜ್‌ಗೆ, 2 ಗಂಟೆಯೊಳಗೆ ಸೆಂಟ್ರಿಫ್ಯೂಜ್, ಮೆಲ್ಲಗೆ, 1,000ದಿಂದ 3,000 ಜಿ ಒಳಗೆ 5 ನಿಮಿಷ. ಫ್ರೀಜ್ ಮಾಡೋಕೆ ಮುಂಚೆನೇ ತಿರುಗಿಸ್ಬೇಕು, ಇಲ್ಲಾಂದ್ರೆ ಮೂತ್ರದಲ್ಲಿರೋ ಸೆಲ್‌ಗಳು ಹೆಪ್ಪುಗಟ್ಟಿ ಕರಗುವಾಗ ಒಡೆದು ಒಳಗಿರೋದೆಲ್ಲ ಹೊರಗೆ ಚೆಲ್ತವೆ. ಮೇಲಿನ ತಿಳಿನ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ಕ್ಕೆ. ಒಂದೇ ಟ್ಯೂಬ್ ಇಟ್ಕೊಂಡು ಪ್ರತಿ ಸಲ ಕರಗಿಸೋದು ಬೇಡ, ಒಂದು ಟ್ಯೂಬ್ ಒಂದೇ ಸಲ ಕರಗ್ಬೇಕು. ರಾತ್ರಿ ಹೊತ್ತು ಲ್ಯಾಬ್ ಮುಚ್ಚಿರುತ್ತೆ ಅಂದ್ರೆ ಎನ್‌ಐಸಿಯು ಪಕ್ಕದಲ್ಲೇ ಒಂದು ಮಿನಿ ಸೆಂಟ್ರಿಫ್ಯೂಜ್ ಇಡಿಸ್ಕೊಳ್ಳಿ. ಹಿಂಡಿದ ಟೈಮ್, ಫ್ರೀಜ್ ಆದ ಟೈಮ್ ಎರಡೂ ಬರೀಬೇಕು, ಆಮೇಲೆ ಅನಾಲಿಸಿಸಲ್ಲಿ ಈ ಗ್ಯಾಪ್ ಉಪಯೋಗಕ್ಕೆ ಬರುತ್ತೆ.

ಹೆಜ್ಜೆ 6: ಮಗುಗೆ ಏನೇನು ಹೋಗ್ತಿದೆ ಅಂತ ಬರ್ಕೊಳ್ಳಿ

ಟಿಪಿಎನ್ (ರಕ್ತನಾಳದ ಮೂಲಕ ಕೊಡೋ ಆಹಾರ) ಓಡ್ತಿರೋ ಮಗುಗೆ ದಿನಕ್ಕೆ ಕೆಜಿಗೆ 3ರಿಂದ 4 ಗ್ರಾಂ ಅಮೈನೋ ಆಸಿಡ್ ಸೀದಾ ರಕ್ತಕ್ಕೆ ಹೋಗ್ತಿದೆ, ಡೆಕ್ಸ್‌ಟ್ರೋಸ್ ರೇಟ್ ಜಾಸ್ತಿ ಇದ್ರೆ ಮೂತ್ರದಲ್ಲಿ ಗ್ಲೂಕೋಸ್ ಬಂದೇ ಬರುತ್ತೆ. ಅದನ್ನ ನೋಡಿ ಟ್ಯೂಬ್ಯೂಲ್ ಹಾಳಾಯ್ತು ಅಂದ್ರೆ ಹೇಗೆ? ಹಾಗಾಗಿ ಸ್ಯಾಂಪಲ್ ಟೈಮಿಗೆ ಡೆಕ್ಸ್‌ಟ್ರೋಸ್ ರೇಟ್, ಅಮೈನೋ ಆಸಿಡ್ ಪ್ರಮಾಣ, ರಕ್ತದ ಗ್ಲೂಕೋಸ್, ಅಮ್ಮನ ಹಾಲೋ ಫಾರ್ಮುಲಾನೋ ಎಷ್ಟು ಎಂಎಲ್, ಎಲ್ಲ ಔಷಧಿಗಳು ಡೋಸ್ ಸಮೇತ, ವೆಂಟಿಲೇಟರ್, ಇನೊಟ್ರೋಪ್ (ಹೃದಯದ ಬಡಿತಕ್ಕೆ ಬಲ ಕೊಡೋ ಔಷಧಿ), ರಕ್ತ ಕೊಟ್ಟಿದ್ದು, ಫೋಟೋಥೆರಪಿ, ತೂಕ, ಎಲ್ಲ ಬೇಕು.

ಕೆಫೀನ್ ಒಂದನ್ನ ಬೇರೆಯಾಗಿ ಹೇಳ್ತೀನಿ. ಉಸಿರು ನಿಲ್ಲೋದನ್ನ ತಡೆಯೋಕೆ ಕೊಡ್ತೀವಲ್ಲ, ಪ್ರೀಟರ್ಮ್ ಮಗು ಲಿವರ್ ಅದನ್ನ ಒಡೆಯೋಕೆ ಇನ್ನೂ ಕಲ್ತಿರಲ್ಲ, ಬಹುಪಾಲು ಹಾಗ್ಹಾಗೇ ಮೂತ್ರಕ್ಕೆ ಬರುತ್ತೆ. ಇನ್ನೊಂದು ಕಡೆ ಅವೇಕನ್ ಡೇಟಾದಲ್ಲೇ 33 ವಾರಕ್ಕಿಂತ ಮುಂಚೆ ಹುಟ್ಟಿದ 675 ಮಕ್ಕಳನ್ನ ನೋಡಿದಾಗ ಮೊದಲ ವಾರ ಕೆಫೀನ್ ಸಿಕ್ಕವರಲ್ಲಿ ಎಕೆಐ 11.2 ಪರ್ಸೆಂಟ್, ಸಿಗದವರಲ್ಲಿ 31.6. ಈಗ ಎರಡನ್ನೂ ಸೇರಿಸಿ ನೋಡಿ. ನಿಮ್ಮ ಕಂಪ್ಯೂಟರ್ ಮಾಡೆಲ್ ಕೆಫೀನ್ ಶಿಖರನ ಹಿಡ್ಕೊಂಡು "ಎಕೆಐ ಇಲ್ಲದ ಮಕ್ಕಳ ಮಾರ್ಕರ್ ಸಿಕ್ತು" ಅಂತ ಕುಣಿಯುತ್ತೆ, ಅದು ಹೇಳ್ತಿರೋದು ಕೇಸ್‌ಶೀಟಲ್ಲಿ ಬರ್ದಿರೋ ವಿಷಯಾನೇ.

ಹೆಜ್ಜೆ 7: ಮಿಷಿನ್

ಎರಡು ದಾರಿ. ಎನ್‌ಎಂಆರ್ ಅಂದ್ರೆ ಸ್ಯಾಂಪಲ್ ತಯಾರಿ ಕಮ್ಮಿ, ಇವತ್ತು ಅಳೆದಿದ್ದೂ ಆರು ತಿಂಗಳ ಮೇಲೆ ಅಳೆದಿದ್ದೂ ಹೆಚ್ಚುಕಮ್ಮಿ ಒಂದೇ ಬರುತ್ತೆ, ಆದ್ರೆ ಮೈಕ್ರೋಮೋಲಾರ್ ಮಟ್ಟಕ್ಕಿಂತ ಕೆಳಗಿರೋದು ಕಾಣಲ್ಲ. ಎಲ್‌ಸಿ-ಎಂಎಸ್ (ರಾಸಾಯನಿಕಗಳನ್ನ ಬೇರ್ಪಡಿಸಿ ಅವುಗಳ ತೂಕದಿಂದ ಗುರ್ತಿಸೋ ಮಾಸ್ ಸ್ಪೆಕ್ ಯಂತ್ರ) ಬಹಳ ಸೂಕ್ಷ್ಮ, ನೂರಾರು ಸಾವಿರಾರು ಸಿಗ್ನಲ್ ಕೊಡುತ್ತೆ, ಆದ್ರೆ ದಿನದಿಂದ ದಿನಕ್ಕೆ ಜಾರುತ್ತೆ, ಯಾವ ಸಿಗ್ನಲ್ ಯಾವ ರಾಸಾಯನಿಕ ಅಂತ ಗುರ್ತಿಸೋದು ಇನ್ನೊಂದು ಥೀಸಿಸ್‌ನಷ್ಟು ಕೆಲಸ. ಮೊದಲ ಸಲ ಮಾಡ್ತಿರೋರಿಗೆ ಎನ್‌ಎಂಆರ್ ಅಂತೀನಿ. ಬೆಂಗಳೂರಿನಲ್ಲಿ ಐಐಎಸ್‌ಸಿಯ ಎನ್‌ಎಂಆರ್ ರಿಸರ್ಚ್ ಸೆಂಟರ್ ತರದ ಜಾಗಗಳಿವೆ, ಸ್ಯಾಂಪಲ್ ಹಿಡ್ಕೊಂಡು ಹೋಗೋಕೆ ಮುಂಚೆ ಅಲ್ಲಿನವರ ಜೊತೆ ಪ್ರೋಟೊಕಾಲ್ ಮಾತಾಡಿ.

ಎನ್‌ಎಂಆರ್‌ಗೆ ಸಾಮಾನ್ಯ ರೆಸಿಪಿ 9ಕ್ಕೆ 1, ಅಂದ್ರೆ 540 ಮೈಕ್ರೊಲೀಟರ್ ಮೂತ್ರಕ್ಕೆ 60 ಮೈಕ್ರೊಲೀಟರ್ ಫಾಸ್ಫೇಟ್ ಬಫರ್, ಪಿಎಚ್ 7.4, ಡಿ2ಒನಲ್ಲಿ (ಭಾರಜಲ) ಮಾಡಿದ್ದು, ಒಳಗೆ ರೆಫರೆನ್ಸ್‌ಗೆ ಟಿಎಸ್‌ಪಿ ಅನ್ನೋ ರಾಸಾಯನಿಕ, ಬ್ಯಾಕ್ಟೀರಿಯಾ ತಡೆಯೋಕೆ ಚೂರು ಸೋಡಿಯಂ ಅಜೈಡ್. ಅಜೈಡ್ ವಿಷ, ಗ್ಲೌಸ್ ಇಲ್ದೆ ಮುಟ್ಬೇಡಿ. ಮೂತ್ರ ಅಷ್ಟು ಸಿಗ್ಲಿಲ್ಲ ಅಂದ್ರೆ 3 ಎಂಎಂ ಟ್ಯೂಬ್‌ನಲ್ಲಿ 200 ಮೈಕ್ರೊಲೀಟರ್ ಒಳಗೇ ಮುಗಿಸ್ಬಹುದು. ನೀರಿನ ಸಿಗ್ನಲ್ ಒತ್ತಿ ಹಿಡಿಯೋ 1ಡಿ ನೋಯ್ಸಿ ಪಲ್ಸ್, 300 ಕೆಲ್ವಿನ್. ಎಲ್‌ಸಿ-ಎಂಎಸ್ ಆದ್ರೆ ಐಸೊಟೋಪ್ ಹಾಕಿದ ಇಂಟರ್ನಲ್ ಸ್ಟಾಂಡರ್ಡ್‌ಗಳು, ಎಲ್ಲ ಸ್ಯಾಂಪಲ್‌ನಿಂದ ಚೂರು ಚೂರು ಸೇರಿಸಿದ ಕ್ಯೂಸಿ (ಗುಣಮಟ್ಟ ನೋಡೋ) ಪೂಲ್ ಹತ್ತು ಸ್ಯಾಂಪಲ್‌ಗೊಮ್ಮೆ. ಯಾವುದೇ ಆದ್ರೂ ಎಕೆಐ ಮಕ್ಕಳದ್ದೆಲ್ಲ ಸೋಮವಾರ, ಉಳಿದವ್ರದ್ದು ಮಂಗಳವಾರ ಅಂತ ಓಡಿಸ್ಬೇಡಿ, ಚೀಟಿ ಎತ್ತಿದ ಹಾಗೆ ಕಲಸಿ ಓಡಿಸಿ, ಓಡಿಸೋರಿಗೆ ಯಾವ ಸ್ಯಾಂಪಲ್ ಯಾರದ್ದು ಗೊತ್ತಿರ್ಬಾರ್ದು.

ಹೆಜ್ಜೆ 8: ಶಿಖರಗಳನ್ನ ಓದೋದು

ಲ್ಯಾಕ್ಟೇಟ್ 1.33 ಪಿಪಿಎಂನಲ್ಲಿ (ಎನ್‌ಎಂಆರ್ ಗ್ರಾಫಿನ ಅಡ್ಡ ಅಳತೆ, ಶಿಖರ ಕೂರೋ ಜಾಗ) ಜೋಡಿ ಶಿಖರ. ಆಕ್ಸಿಜನ್ ಕಮ್ಮಿ ಆದಾಗ, ಮೈಟೊಕಾಂಡ್ರಿಯಾ ಕೆಟ್ಟಾಗ ಏರುತ್ತೆ. ಇದರ ತಾಕತ್ತು ಹಳೇದು, 1999ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಒಂದು ಸ್ಟಡಿ, ಹುಟ್ಟಿದ 6 ಗಂಟೆಯೊಳಗಿನ ಮೂತ್ರದಲ್ಲಿ ಲ್ಯಾಕ್ಟೇಟ್-ಕ್ರಿಯಾಟಿನಿನ್ ಅನುಪಾತ ನೋಡಿ ಆಮೇಲೆ ಮೆದುಳಿಗೆ ಪೆಟ್ಟಾದ ಮಕ್ಕಳಲ್ಲಿ ಸರಾಸರಿ 16.75, ಆರೋಗ್ಯವಂತ ಮಕ್ಕಳಲ್ಲಿ 0.09 ಅಂತ ತೋರಿಸ್ತು. ಅದು ಮೆದುಳಿನ ವಿಷಯ, ಆದ್ರೆ ನವಜಾತರ ಒಂದು ಹನಿ ಮೂತ್ರದ ಎನ್‌ಎಂಆರ್‌ನಿಂದ ಮುಂದಾಗೋದನ್ನ ಹೇಳ್ಬಹುದು ಅಂತ ಗೊತ್ತಾಗಿದ್ದು ಹಾಗೆ. ಎಚ್ಚರ ಏನಂದ್ರೆ ಥ್ರಿಯೊನಿನ್ ಅನ್ನೋ ಅಮೈನೋ ಆಸಿಡ್ ಕೂಡ ಅದೇ 1.33 ಹತ್ರ ಕೂರುತ್ತೆ, ಟಿಪಿಎನ್‌ನಲ್ಲಿ ಥ್ರಿಯೊನಿನ್ ಇದೆ. ಬ್ಯಾಕ್ಟೀರಿಯಾ ಮಾಡೋ ಡಿ-ಲ್ಯಾಕ್ಟೇಟ್‌ನೂ ನಮ್ಮ ಮೈಯ ಎಲ್-ಲ್ಯಾಕ್ಟೇಟ್‌ನೂ ಎನ್‌ಎಂಆರ್ ಬೇರೆ ಮಾಡಲ್ಲ.

ಸಿಟ್ರೇಟ್ 2.5ರಿಂದ 2.7 ನಡುವೆ ನಾಲ್ಕು ಗೆರೆ. ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನ ಶಕ್ತಿ ಕಾರ್ಖಾನೆ ಹೇಗಿದೆ ಅನ್ನೋದ್ರ ಜೊತೆ ಮಗುವಿನ ಆಸಿಡ್-ಬೇಸ್ ಸ್ಥಿತಿನೂ ಇದನ್ನ ಕುಣಿಸುತ್ತೆ, ಅಸಿಡೋಸಿಸ್ ಆದ್ರೆ ಇಳಿಯುತ್ತೆ. ಅದೇ ಟೈಮಿನ ಬ್ಲಡ್ ಗ್ಯಾಸ್ ಇಲ್ದೆ ಸಿಟ್ರೇಟ್ ಬಗ್ಗೆ ಬಾಯಿ ಬಿಡ್ಬೇಡಿ. ಗ್ಲೂಕೋಸ್ 5.23, ಅಲನಿನ್ 1.48, ಗ್ಲೈಸಿನ್ 3.57: ಒಂದೊಂದೇ ನೋಡಿದ್ರೆ ಬಲಿಯದ ಟ್ಯೂಬ್ಯೂಲ್ ಕಥೆ, ಎಲ್ಲ ಒಟ್ಟಿಗೆ, ಅದೂ ಆ ಮಗುವಿನ ನಿನ್ನೆ ಮಟ್ಟದಿಂದ ದಿಢೀರ್ ಏರಿದ್ರೆ ಅದು ಬೇರೆ ಕಥೆ. ಬಲಿಯೋದು ದಿನಗಳಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ನಡೆಯೋ ಕೆಲಸ, ಪೆಟ್ಟು ದಾರಿ ಮಧ್ಯೆ ತಿರುವು ಕೊಡುತ್ತೆ. ದಿನಕ್ಕೊಂದು ಸ್ಯಾಂಪಲ್ ಬೇಕು ಅಂತ ಹಠ ಮಾಡಿದ್ದು ಈ ತಿರುವು ನೋಡೋಕೇ.

ಹಿಪ್ಪುರೇಟ್ ಬಹಳ ಮೋಸದ್ದು. ಕರುಳಿನ ಬ್ಯಾಕ್ಟೀರಿಯಾ ಕೊಡೋ ಬೆಂಜೊಯೇಟ್‌ಗೆ ಲಿವರಲ್ಲಿ ಗ್ಲೈಸಿನ್ ಸೇರಿ ಆಗುತ್ತೆ, ಪ್ರಾಕ್ಸಿಮಲ್ ಟ್ಯೂಬ್ಯೂಲ್ ಅದನ್ನ ಹೊರಗೆ ಪಂಪ್ ಮಾಡುತ್ತೆ, ಹಾಗಾಗಿ ಟ್ಯೂಬ್ಯೂಲ್ ಕೆಟ್ರೆ ಇಳಿಯೋದು ಸಹಜ. ಆದ್ರೆ ನಮ್ಮ ಮಕ್ಕಳಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾನೇ ಇಲ್ಲದ ಹಾಗೆ ಮಾಡಿದೀವಿ, ಹಾಲೂ ಸರಿಯಾಗಿ ಶುರುವಾಗಿಲ್ಲ. ಇಳಿದಿದ್ದಕ್ಕೆ ಕಿಡ್ನಿ ಕಾರಣನಾ, ಕರುಳಾ? ಔಷಧಿ ತಗೊಂಡೂ ಎಕೆಐ ಆಗದ ಗುಂಪು ಇಲ್ದಿದ್ರೆ ಉತ್ತರ ಇಲ್ಲ.

3.27 ಹತ್ರ ಟಿಎಂಎಒ, ಬೀಟೈನ್, ಮಯೊ-ಇನಾಸಿಟಾಲ್‌ನ ಒಂದು ಗುಂಪು, ಮೂರೂ ಮೈಮೇಲೆ ಬಿದ್ದಿರ್ತವೆ. ಕೆಫೀನ್ ಕೂಡ 3.2ರಿಂದ 4ರ ನಡುವೆ ಶಿಖರ ಬಿಡುತ್ತೆ. ಬೀಟೈನ್‌ಗೆ 3.90, ಇನಾಸಿಟಾಲ್‌ಗೆ 3.5ರಿಂದ 3.6ರ ಗೆರೆಗಳನ್ನೂ ತಾಳೆ ನೋಡಿ, ಅನುಮಾನ ಇದ್ರೆ 2ಡಿ ಎನ್‌ಎಂಆರ್ ಮಾಡಿ ಇಲ್ಲ ಶುದ್ಧ ವಸ್ತು ಚೂರು ಸೇರಿಸಿ ಅದೇ ಶಿಖರ ಏರುತ್ತಾ ನೋಡಿ. ಸಾಫ್ಟ್‌ವೇರ್ ಹೆಸರು ಹೇಳ್ತು ಅಂತ ನಂಬೋದು ಸಾಲಲ್ಲ.

ಮಾಸ್ ಸ್ಪೆಕ್ ಇರೋರು ಇನ್ನೊಂದು ನೋಡ್ಬಹುದು. ಹಾರ್ಟ್ ಸರ್ಜರಿ ಆದ ದೊಡ್ಡೋರಲ್ಲಿ ಮೂತ್ರದ ಕ್ವಿನೊಲಿನೇಟ್-ಟ್ರಿಪ್ಟೊಫಾನ್ ಅನುಪಾತ ಎಕೆಐ ಜೊತೆ ಏರೋದು 2018ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂತು, ಕಿಡ್ನಿ ಸೆಲ್ ಎನ್‌ಎಡಿ (ಶಕ್ತಿ ಉತ್ಪಾದನೆಗೆ ಬೇಕಾದ ಅಣು) ತಯಾರಿಸೋ ದಾರಿ ಕಟ್ ಆಗಿದ್ದು ಅದಕ್ಕೆ ಕಾರಣ. ಅನುಪಾತ ಆಗಿರೋದ್ರಿಂದ ಮೂತ್ರ ತೆಳುವೋ ಗಟ್ಟಿಯೋ ಅನ್ನೋ ತಲೆನೋವು ಕಮ್ಮಿ, ಆ ಒಂದು ಕಾರಣಕ್ಕೇ ನನಗೆ ಇದರ ಮೇಲೆ ಆಸೆ.

ಹೆಜ್ಜೆ 9: ತೆಳು ಗಟ್ಟಿ ಸರಿದೂಗಿಸೋದು

ದೊಡ್ಡೋರಲ್ಲಿ ಎಲ್ಲವನ್ನೂ ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಿ ಮುಗಿಸ್ತಾರೆ. ಇಲ್ಲಿ ಹಾಗೆ ಮಾಡಿದ್ರೆ ಕೆಟ್ರಿ. ಎಕೆಐ ಆದಾಗ ಮೂತ್ರಕ್ಕೆ ಬರೋ ಕ್ರಿಯಾಟಿನಿನ್ನೇ ಇಳಿಯುತ್ತೆ, ಕೆಳಗಿನ ಸಂಖ್ಯೆ ಚಿಕ್ಕದಾದ್ರೆ ಮೇಲಿರೋದೆಲ್ಲ ತಾನಾಗೇ ದೊಡ್ಡದು, ಇಪ್ಪತ್ತು ಮಾರ್ಕರ್ "ಏರಿದೆ" ಅಂತ ತೋರಿಸುತ್ತೆ, ನಿಜವಾಗಿ ಏರಿದ್ದು ಒಂದೂ ಇರಲ್ಲ. ಪ್ರಾಬಬಿಲಿಸ್ಟಿಕ್ ಕೋಷಂಟ್ ನಾರ್ಮಲೈಸೇಶನ್ (ಇಡೀ ಗ್ರಾಫನ್ನ ಒಂದು ಮಾದರಿ ಗ್ರಾಫ್ ಜೊತೆ ಹೋಲಿಸಿ ಸರಿದೂಗಿಸೋದು) ಮುಖ್ಯವಾಗಿಟ್ಕೊಂಡು, ಆಸ್ಮೊಲಾಲಿಟಿಯಿಂದ (ಮೂತ್ರದಲ್ಲಿ ಒಟ್ಟು ಎಷ್ಟು ಕರಗಿದೆ ಅನ್ನೋ ಅಳತೆ) ಇನ್ನೊಂದು ಸಲ ಮಾಡಿ. ಎರಡರಲ್ಲೂ ಉಳಿದ ಮೆಟಬೊಲೈಟ್‌ನ ಮಾತ್ರ ಮುಂದಕ್ಕೆ ತಗೊಂಡು ಹೋಗಿ. ಗ್ಲೂಕೋಸ್ ಸುರಿದಿರೋ ಸ್ಯಾಂಪಲ್, ಔಷಧಿ ಶಿಖರಗಳು, ಯೂರಿಯಾ, ನೀರು ಇರೋ ಜಾಗಗಳನ್ನ ಲೆಕ್ಕದಿಂದ ಮೊದ್ಲೇ ಕತ್ತರಿಸಿ.

ಹೆಜ್ಜೆ 10: ಲೆಕ್ಕ

ಪಿಸಿಎ (ನೂರಾರು ಅಳತೆಗಳನ್ನ ಕೆಲವೇ ಅಕ್ಷಗಳಿಗೆ ಇಳಿಸೋ ಲೆಕ್ಕ) ಮಾಡಿ, ಹೊರಗೆ ಬಿದ್ದಿರೋ ಸ್ಯಾಂಪಲ್ ಯಾಕೆ ಬಿದ್ದಿದೆ ನೋಡಿ, ಮೊದಲ ಎರಡು ಅಕ್ಷಗಳಿಗೆ ಬಣ್ಣ ಹಚ್ಚುವಾಗ ಎಕೆಐ ಹೌದು ಇಲ್ಲ ಅಂತ ಮಾತ್ರ ಅಲ್ಲ, ಗರ್ಭದ ವಾರ, ದಿನದ ವಯಸ್ಸು, ಟಿಪಿಎನ್, ಬ್ಯಾಚ್ ಇವುಗಳಿಂದಲೂ ಬಣ್ಣ ಹಚ್ಚಿ. ನನ್ನ ಅಂದಾಜು, ಅತಿ ಚೆನ್ನಾಗಿ ಬೇರೆಯಾಗೋದು ದಿನದ ವಯಸ್ಸೇ. ಪಿಎಲ್‌ಎಸ್-ಡಿಎ (ಯಾರು ಯಾವ ಗುಂಪು ಅಂತ ಮೊದ್ಲೇ ಹೇಳಿ ಬೇರೆ ಮಾಡಿಸೋ ಲೆಕ್ಕ) ಚಿತ್ರ ಎಷ್ಟೇ ಚೆನ್ನಾಗಿ ಎರಡು ಗುಂಪು ತೋರಿಸ್ಲಿ, ಪರ್ಮ್ಯುಟೇಶನ್ ಟೆಸ್ಟ್ ಇಲ್ದೆ ಅದಕ್ಕೆ ಬೆಲೆ ಇಲ್ಲ, ಮಕ್ಕಳ ಗುಂಪಿನ ಹೆಸರನ್ನ ಸುಮ್ನೆ ಅದಲು ಬದಲು ಮಾಡಿದ್ರೂ ಅದು ಎರಡು ಗುಂಪು ತೋರಿಸುತ್ತೆ.

ಒಂದೇ ಮಗುವಿನ ಏಳು ಸ್ಯಾಂಪಲ್ ಅಂದ್ರೆ ಏಳು ಮಕ್ಕಳಲ್ಲ. ಮಿಕ್ಸ್ಡ್ ಮಾಡೆಲ್ (ಒಂದೇ ಮಗುವಿನ ಹಲವು ಅಳತೆ ಅನ್ನೋದನ್ನ ಗಮನಿಸೋ ಲೆಕ್ಕ) ಬಳಸಿ, ಗರ್ಭದ ವಾರ ಮತ್ತೆ ದಿನದ ವಯಸ್ಸನ್ನ ಮಾಡೆಲ್ ಒಳಗೇ ಹಾಕಿ, ನೂರಾರು ಮೆಟಬೊಲೈಟ್ ಪರೀಕ್ಷೆ ಮಾಡಿದ್ರೆ ಎಫ್‌ಡಿಆರ್ (ಸುಳ್ಳು ಪಾಸಿಟಿವ್ ಪಾಲು ಹಿಡಿತದಲ್ಲಿಡೋ) ತಿದ್ದುಪಡಿ. ಮಷಿನ್ ಲರ್ನಿಂಗ್ ಮಾಡೋರು ಕ್ರಾಸ್ ವ್ಯಾಲಿಡೇಶನ್‌ನಲ್ಲಿ ಒಂದು ಮಗುವಿನ ಎಲ್ಲ ಸ್ಯಾಂಪಲ್ ಒಂದೇ ಕಡೆ ಇರೋ ಹಾಗೆ ನೋಡ್ಕೊಳ್ಳಿ, ಅರ್ಧ ಟ್ರೈನಿಂಗಲ್ಲಿ ಅರ್ಧ ಟೆಸ್ಟಲ್ಲಿ ಬಿದ್ರೆ ಮಾಡೆಲ್ ಕಾಯಿಲೆ ಬದ್ಲು ಮಗುನೇ ಗುರ್ತು ಹಿಡಿಯುತ್ತೆ.

ಇನ್ನೊಂದು, ಯಾವ ಸ್ಯಾಂಪಲ್ ಲೆಕ್ಕಕ್ಕೆ? ಕ್ರಿಯಾಟಿನಿನ್ ಏರಿದ ದಿನದ್ದು ತಗೊಂಡ್ರೆ "ಮುಂಚೆ ಹಿಡಿದ್ವಿ" ಅನ್ನೋಕಾಗಲ್ಲ. ಏರೋಕೆ 24ರಿಂದ 48 ಗಂಟೆ ಮುಂಚಿನ ಸ್ಯಾಂಪಲ್ ಮಾತ್ರ ಪ್ರಿಡಿಕ್ಷನ್‌ಗೆ. ಕೊನೆಗೆ ಬಂದ ಎಯುಸಿನ (ಮಾಡೆಲ್ ಎರಡು ಗುಂಪನ್ನ ಎಷ್ಟು ಚೆನ್ನಾಗಿ ಬೇರೆ ಮಾಡ್ತು ಅನ್ನೋ ಅಂಕ) ಸೊನ್ನೆ ಜೊತೆ ಹೋಲಿಸ್ಬೇಡಿ, ಗರ್ಭದ ವಾರ, ತೂಕ, ಆಪ್ಗಾರ್ (ಹುಟ್ಟಿದ ತಕ್ಷಣ ಮಗು ಸ್ಥಿತಿಗೆ ಕೊಡೋ ಅಂಕ), ಇನೊಟ್ರೋಪ್, ಇಷ್ಟು ಕೇಸ್‌ಶೀಟಿಂದಲೇ ಮಾಡಿದ ಮಾಡೆಲ್‌ಗಿಂತ ಮೂತ್ರ ಎಷ್ಟು ಜಾಸ್ತಿ ಹೇಳ್ತು ಅನ್ನೋದೇ ಪ್ರಶ್ನೆ. ಬೇರೆ ಊರಿನ ಬೇರೆ ಎನ್‌ಐಸಿಯು ಮಕ್ಕಳ ಮೇಲೆ, ಕಟ್‌ಆಫ್ ಬದಲಾಯಿಸದೆ, ಮತ್ತೊಮ್ಮೆ ನೋಡೋವರೆಗೂ ಪೇಪರ್‌ನ ಟೈಟಲಲ್ಲಿ ಬಯೋಮಾರ್ಕರ್ ಅಂತ ಹಾಕೋ ಆತುರ ಬೇಡ.

ಹೆಜ್ಜೆ 11: ವಾರ್ಡಿಗೆ ತರೋದು

ಮೂತ್ರ ಹೇಳಿದ್ದನ್ನ ಕೇಳ್ಕೊಂಡು ವಾರ್ಡಲ್ಲಿ ಏನು ಬದಲಾಯಿಸ್ತೀರ ಅಂತ ಮೊದ್ಲೇ ಯೋಚ್ನೆ ಮಾಡಿ. ಮಾರ್ಕರ್ ಇಲ್ದೇನೂ ಆಗೋ ಕೆಲಸ ಒಂದಿದೆ: ಅಮೆರಿಕದ ಅಲಬಾಮಾದ ಎನ್‌ಐಸಿಯುನವರು ಬೇಬಿ ನಿಂಜಾ ಅನ್ನೋ ಹೆಸರಲ್ಲಿ, ಕಿಡ್ನಿಗೆ ತೊಂದರೆ ಕೊಡೋ ಮೂರು ಔಷಧಿ ಒಟ್ಟಿಗೆ ಹೋಗ್ತಿರೋ ಅಥವಾ ಅಮೈನೊಗ್ಲೈಕೊಸೈಡ್ (ಜೆಂಟಾಮೈಸಿನ್ ಜಾತಿಯ ಆಂಟಿಬಯೋಟಿಕ್) ನಾಲ್ಕನೇ ದಿನ ಮುಟ್ಟಿದ ಮಕ್ಕಳನ್ನ ದಿನಾ ಗುರ್ತಿಸಿ, ದಿನಾ ಕ್ರಿಯಾಟಿನಿನ್ ನೋಡಿ, ಔಷಧಿ ಬೇಕೇ ಬೇಕಾ ಅಂತ ಪ್ರತಿದಿನ ಕೇಳಿದ್ರು, ಔಷಧಿಯಿಂದ ಆಗೋ ಎಕೆಐ ಇಳೀತು, 2019ರಲ್ಲಿ ಪ್ರಕಟ ಆಯ್ತು. ಮೆಟಬೊಲೈಟ್ ಟೆಸ್ಟ್ ಬಂದ್ರೆ ಇದರ ಮೇಲೆ ಕೂರ್ಬೇಕು, ಇದರ ಬದಲಿಗಲ್ಲ, ಅದೂ ಆ ದಿನದ ಕ್ರಿಯಾಟಿನಿನ್ ಚುಚ್ಚೋದನ್ನ ಯಾರಿಗೆ ತಪ್ಪಿಸ್ಬಹುದು ಅಂತ ಹೇಳಿದ್ರೆ ಇನ್ನೂ ಒಳ್ಳೇದು.

ಟೈಮ್ ಲೆಕ್ಕನೂ ಇದೆ. ಬಹಳ ಬೇಗ ಹುಟ್ಟಿದ ಮಕ್ಕಳಲ್ಲಿ ಜೆಂಟಾಮೈಸಿನ್ ಡೋಸ್‌ಗಳ ನಡುವೆ 36ರಿಂದ 48 ಗಂಟೆ ಇರುತ್ತೆ, ರಿಸಲ್ಟ್ ಅಷ್ಟರೊಳಗೆ ಬಂದ್ರೆ ಮುಂದಿನ ಡೋಸ್ ನಿಲ್ಲಿಸೋದೋ ಮುಂದೂಡೋದೋ ಮಾಡ್ಬಹುದು, ಮೈನಸ್ 80ರಲ್ಲಿ ಇಟ್ಟು ಆರು ತಿಂಗಳಿಗೊಮ್ಮೆ ಬ್ಯಾಚ್ ಓಡಿಸಿದ್ರೆ ಬರೋದು ಪೇಪರ್ ಮಾತ್ರ. ಹಾಗಾಗಿ ಇನ್ನೂರು ಶಿಖರದಿಂದ ಮೂರೋ ನಾಲ್ಕೋ ಆರಿಸಿ ಮಾಮೂಲಿ ಉಪಕರಣಕ್ಕೆ ಇಳಿಸೋದು ಕೊನೇ ಕೆಲಸ. ಲ್ಯಾಕ್ಟೇಟ್, ಗ್ಲೂಕೋಸ್, ಸಿಟ್ರೇಟ್‌ಗೆ ಎನ್ಜೈಮ್ ಕಿಟ್‌ಗಳಿವೆ. ಅಮೈನೋ ಆಸಿಡ್, ಅಸೈಲ್‌ಕಾರ್ನಿಟಿನ್‌ಗಳಿಗೆ (ಕೊಬ್ಬು ಬಳಕೆಯ ಮೆಟಬೊಲೈಟ್‌ಗಳು) ನವಜಾತರ ಸ್ಕ್ರೀನಿಂಗ್ ಮಾಡೋ ಟ್ಯಾಂಡೆಮ್ ಮಾಸ್ ಲ್ಯಾಬ್‌ಗಳು ಆಗ್ಲೇ ಒಣಗಿದ ರಕ್ತದ ಚುಕ್ಕೆ ಓಡಿಸ್ತಿವೆ, ಫಿಲ್ಟರ್ ಪೇಪರ್ ಮೇಲೆ ಒಣಗಿಸಿದ ಮೂತ್ರದ ಚುಕ್ಕೆನೂ ಅದೇ ಮಿಷಿನ್‌ಗೆ ಹೊಂದಿಸೋಕೆ ಆಗುತ್ತಾ ಅಂತ ನಿಮ್ಮ ಸ್ಟಡಿಯಲ್ಲೇ ಪ್ರತಿ ಸ್ಯಾಂಪಲ್‌ನಿಂದ ಒಂದೆರಡು ಹನಿ ಪೇಪರ್ ಮೇಲೆ ಹಾಕಿಟ್ಟು, ಒಣಗಿಸಿ, ಅದನ್ನೂ ಅಳೆದು ಫ್ರೀಜರ್ ಸ್ಯಾಂಪಲ್ ಜೊತೆ ತಾಳೆ ನೋಡ್ಬಹುದು.